ಬಾತುಬೇಟೆಯ ಮರೆದೋಣಿ: ಅಮೆರಿಕದ ಕಾನೂನು ವಿಧಿಸುವ ಮಿತಿಗಳು

ಅಮೆರಿಕದ ಸರೋವರ, ಅಳಿವೆ ಮತ್ತು ಜೌಗು ಪ್ರದೇಶಗಳಲ್ಲಿ ಕಾಡುಬಾತುಗಳನ್ನು ಬೇಟೆಯಾಡುವವರು ಚಿಕ್ಕ ದೋಣಿಯನ್ನು ಜೊಂಡು, ಬಲೆ ಮತ್ತು ಮಾಸಲು ಬಣ್ಣದ ಬಟ್ಟೆಯಿಂದ ಮುಚ್ಚಿ, ಹಾರಿಬರುವ ಹಕ್ಕಿಗೆ ಅದು ನೀರಂಚಿನ ಪೊದೆಯಂತೆ ಕಾಣುವ ಹಾಗೆ ಮಾಡುತ್ತಾರೆ. ಇಂಥ ಮರೆದೋಣಿಯನ್ನು ಅಲ್ಲಿನ ಕಾನೂನು ನಿಷೇಧಿಸಿಲ್ಲವಾದರೂ, ಹಕ್ಕಿಯಿಂದ ಮರೆಯಾಗುವ ಈ ಅವಕಾಶವು ಇತರ ದೋಣಿಗಳ ಸುರಕ್ಷತೆಗಾಗಲಿ ಅಧಿಕಾರಿಗಳ ತಪಾಸಣೆಗಾಗಲಿ ಅಡ್ಡಿಯಾಗಬಾರದು ಎಂಬುದು ಎಲ್ಲ ನಿಯಮಗಳ ಹಿಂದಿರುವ ತತ್ತ್ವ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಈ ಹವ್ಯಾಸಕ್ಕೆ ಹೊಸದಾಗಿ ತೊಡಗುವವರು ನೀರಿಗಿಳಿಯುವ ಮೊದಲೇ ಈ ನಿಯಮಗಳನ್ನು ಅರಿತಿರಬೇಕು.

ಕಾನೂನಿನ ಮೂಲ

ಗ್ರೇಟ್ ಬ್ರಿಟನ್ ಕೆನಡಾದ ಪರವಾಗಿ 1916ರಲ್ಲಿ ಅಮೆರಿಕದೊಂದಿಗೆ ಮಾಡಿಕೊಂಡ ಒಪ್ಪಂದವನ್ನು ಜಾರಿಗೆ ತರಲು 1918ರಲ್ಲಿ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆ ರೂಪುಗೊಂಡಿತು. ಈ ಕಾಯ್ದೆಯ ಪ್ರಕಾರ ವಲಸೆ ಹಕ್ಕಿಗಳನ್ನು ಕೊಲ್ಲುವುದು ಮೂಲತಃ ಅಪರಾಧ. ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್ ಎಂಬ ಕೇಂದ್ರ ಇಲಾಖೆಯು ನಿಯಮಗಳ ಮೂಲಕ ಅನುಮತಿಸಿದ ಋತು, ವೇಳೆ ಮತ್ತು ವಿಧಾನದಲ್ಲಿ ನಡೆಯುವ ಬೇಟೆ ಮಾತ್ರ ಅದಕ್ಕೆ ಅಪವಾದ. ರಾಜ್ಯಗಳು ಈ ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಬಹುದೇ ಹೊರತು ಸಡಿಲಿಸುವಂತಿಲ್ಲವಾದ್ದರಿಂದ, ಬೇಟೆಗಾರನು ಎರಡೂ ಹಂತದ ನಿಯಮಗಳಿಗೆ ಬದ್ಧನಾಗಿರುತ್ತಾನೆ.

ಯಾವ ಮರೆ ನಿಷಿದ್ಧ

ಮರೆಯ ವಿಷಯದಲ್ಲಿ ಅತ್ಯಂತ ಕಠಿಣವಾದ ನಿಷೇಧ ಇರುವುದು 'ಸಿಂಕ್‌ಬಾಕ್ಸ್' ಎಂಬ ಸಾಧನದ ಮೇಲೆ. ಶವಪೆಟ್ಟಿಗೆಯಂಥ ಉದ್ದನೆಯ ಮರದ ಪೆಟ್ಟಿಗೆಯ ಸುತ್ತ ನೀರಿನ ಮೇಲೆ ಹರಡಿಕೊಳ್ಳುವ ರೆಕ್ಕೆಗಳನ್ನು ಜೋಡಿಸಿ, ಅವುಗಳ ಮೇಲೆ ಕಬ್ಬಿಣದ ಬೊಂಬೆ ಬಾತುಗಳನ್ನು ಭಾರಕ್ಕಾಗಿ ಇರಿಸಿ, ಪೆಟ್ಟಿಗೆಯನ್ನು ನೀರಿನ ಮಟ್ಟಕ್ಕೆ ಇಳಿಸಿದರೆ ಒಳಗೆ ಮಲಗಿದ ಬೇಟೆಗಾರ ಹಕ್ಕಿಯ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಚೆಸಪೀಕ್ ಕೊಲ್ಲಿಯಲ್ಲಿ ಮಾರುಕಟ್ಟೆಗಾಗಿ ಬಾತುಗಳನ್ನು ರಾಶಿಗಟ್ಟಲೆ ಕೊಲ್ಲಲು ಬಳಕೆಯಾಗುತ್ತಿದ್ದ ಈ ಸಾಧನವನ್ನು ಕೇಂದ್ರ ನಿಯಮಗಳು 1935ರಲ್ಲಿ ನಿಷೇಧಿಸಿದವು. ನೀರಿನ ಮೇಲ್ಮೈಗಿಂತ ಕೆಳಗೆ ಅಡಗಲು ತಗ್ಗು ಒದಗಿಸುವ, ತಗ್ಗಿ ತೇಲುವ ಯಾವುದೇ ಸಾಧನಕ್ಕೂ ಈ ನಿಷೇಧ ಇಂದಿಗೂ ಅನ್ವಯಿಸುತ್ತದೆ. ಆದಕಾರಣ ಮಲಗಿ ಬೇಟೆಯಾಡುವ 'ಲೇಔಟ್' ದೋಣಿಯನ್ನು ಕೊಳ್ಳುವವರು ಅಥವಾ ಸ್ವತಃ ಕಟ್ಟಿಕೊಳ್ಳುವವರು ಅದು ಈ ವ್ಯಾಖ್ಯೆಯೊಳಗೆ ಬೀಳುವುದಿಲ್ಲವೆಂದು ರಾಜ್ಯದ ವನ್ಯಜೀವಿ ಇಲಾಖೆಯಿಂದ ಮೊದಲೇ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಮೋಟಾರು ಅಳವಡಿಸಿದ ದೋಣಿಯಿಂದ ಗುಂಡು ಹಾರಿಸಬೇಕಾದರೆ ಮೋಟಾರನ್ನು ಪೂರ್ತಿಯಾಗಿ ನಿಲ್ಲಿಸಿರಬೇಕು. ಅಷ್ಟೇ ಅಲ್ಲ, ಅದರ ಬಲದಿಂದ ದೋಣಿಗೆ ಬಂದ ಚಲನೆಯೂ ನಿಂತಿರಬೇಕು. ಹಾಯಿದೋಣಿಯಾದರೆ ಹಾಯಿಯನ್ನು ಸುತ್ತಿಟ್ಟಿರಬೇಕು. ಸತ್ತ ಅಥವಾ ಗಾಯಗೊಂಡ ಹಕ್ಕಿಯನ್ನು ಎತ್ತಿಕೊಳ್ಳಲು ಮೋಟಾರು ಬಳಸಬಹುದಾದರೂ, ದೋಣಿಯನ್ನು ಓಡಿಸಿ ಹಕ್ಕಿಗಳನ್ನು ಎಬ್ಬಿಸಿ ಬೇಟೆಗಾರರ ಕಡೆಗೆ ಅಟ್ಟುವುದು ಅಪರಾಧ. ಕಾಳು ಚೆಲ್ಲಿ ಹಕ್ಕಿಗಳನ್ನು ಸೆಳೆದ ಜಾಗದಲ್ಲಿ, ಕಾಳನ್ನು ಪೂರ್ತಿ ತೆಗೆದ ಮೇಲೂ 10 ದಿನಗಳವರೆಗೆ ಬಾತುಬೇಟೆ ಆಡುವಂತಿಲ್ಲ. ಜೀವಂತ ಹಕ್ಕಿಗಳನ್ನು ಆಮಿಷವಾಗಿ ಬಳಸುವುದೂ ನಿಷಿದ್ಧ.

ಮುಚ್ಚಬಾರದ ಗುರುತು, ಆರಿಸಬಾರದ ದೀಪ

ಮೋಟಾರು ದೋಣಿಯ ನೋಂದಣಿ ಸಂಖ್ಯೆಯನ್ನು ಅದರ ಮುಂಭಾಗದ ಎರಡೂ ಪಕ್ಕಗಳಲ್ಲಿ, ಕನಿಷ್ಠ 3 ಅಂಗುಲ ಎತ್ತರದ ಅಕ್ಷರಗಳಲ್ಲಿ, ಹಿನ್ನೆಲೆಯ ಬಣ್ಣಕ್ಕಿಂತ ಸ್ಪಷ್ಟವಾಗಿ ಬೇರೆಯಾಗಿ ಕಾಣುವಂತೆ ಬರೆಸಿರಬೇಕು ಎಂಬುದು ಕೇಂದ್ರ ನಿಯಮ. ಜೊಂಡಿನ ಬಣ್ಣಕ್ಕೆ ಹೊಂದಲೆಂದು ದೋಣಿಗೆ ಬಳಿದ ಬಣ್ಣದಲ್ಲಿ ಈ ಸಂಖ್ಯೆಯೂ ಕರಗಿಹೋಗುವಂತೆ ಮಾಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು.

ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ದೀಪದ ನಿಯಮ ಅನ್ವಯಿಸುವುದರಿಂದ, ನಸುಕಿನಲ್ಲೇ ಹೊರಡುವ ಬೇಟೆಗಾರನ ಮೋಟಾರು ದೋಣಿಯಲ್ಲಿ ಕೆಂಪು, ಹಸಿರು ಪಕ್ಕದೀಪಗಳೂ ಬಿಳಿ ದೀಪವೂ ಉರಿಯುತ್ತಿರಬೇಕು. ಹುಟ್ಟು ಹಾಕಿ ನಡೆಸುವ ದೋಣಿಯಲ್ಲಿ ಡಿಕ್ಕಿ ತಪ್ಪಿಸಲು ತಕ್ಷಣ ತೋರಿಸಬಹುದಾದ ಟಾರ್ಚ್ ಆದರೂ ಕೈಗೆ ಸಿಗುವಂತಿರಬೇಕು. 7 ಮೀಟರಿಗಿಂತ ಚಿಕ್ಕ ದೋಣಿಯು ಲಂಗರು ಹಾಕಿ ನಿಂತಾಗ ಲಂಗರುದೀಪದಿಂದ ವಿನಾಯಿತಿ ಪಡೆಯುವುದು, ಅದು ನಿಂತ ಜಾಗ ಇತರ ದೋಣಿಗಳು ಸಾಮಾನ್ಯವಾಗಿ ಸಂಚರಿಸುವ ಹಾದಿಯಲ್ಲಾಗಲಿ ಅದರ ಸಮೀಪದಲ್ಲಾಗಲಿ ಇಲ್ಲದಿದ್ದರೆ ಮಾತ್ರ. ಕಣ್ಣಿಗೆ ಬೀಳದಂತೆ ಮುಚ್ಚಿದ ದೋಣಿಯ ಮೇಲೆ ಕತ್ತಲಲ್ಲಿ ಮತ್ತೊಂದು ದೋಣಿ ಹರಿದರೆ ಪ್ರಾಣಕ್ಕೇ ಸಂಚಕಾರವಾದೀತು ಎಂಬುದರಿಂದ ಈ ನಿಯಮವನ್ನು ಯಾರೂ ಲಘುವಾಗಿ ಕಾಣಬಾರದು. ಪ್ರತಿಯೊಬ್ಬರಿಗೂ ಒಂದರಂತೆ ತೊಡಬಹುದಾದ ಜೀವರಕ್ಷಕ ಜಾಕೆಟ್ ದೋಣಿಯಲ್ಲಿ ಇರಲೇಬೇಕು.

ದೋಣಿಯನ್ನು ಮುಚ್ಚಲು ಬೇಕಾದ ಜೊಂಡನ್ನು ಎಲ್ಲಿಂದ ಬೇಕಾದರೂ ಕಡಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣಗಳಲ್ಲಿ ಅನುಮತಿಯಿಲ್ಲದೆ ಸಸ್ಯಗಳಿಗೆ ಹಾನಿ ಮಾಡುವುದು ನಿಷಿದ್ಧ. ಖಾಸಗಿ ನೆಲದಲ್ಲಾದರೆ ಮಾಲೀಕರ ಒಪ್ಪಿಗೆ ಬೇಕು.

ಪರವಾನಗಿ, ಬಂದೂಕು ಮತ್ತು ವೀಸಾ

ಬೇಟೆಗಾರನ ಬಳಿ ರಾಜ್ಯದ ಬೇಟೆ ಪರವಾನಗಿ ಇರಬೇಕು. 16 ವರ್ಷ ತುಂಬಿದವರು ಇದರ ಜೊತೆಗೆ, 1934ರ ಕಾಯ್ದೆಯಿಂದ ಜಾರಿಗೆ ಬಂದ 'ಡಕ್ ಸ್ಟಾಂಪ್' ಎಂಬ ಕೇಂದ್ರ ಮುದ್ರೆಚೀಟಿಯನ್ನೂ ಪಡೆದಿರಬೇಕು; ಇದರ ಹಣ ಜೌಗು ಭೂಮಿಯ ಸಂರಕ್ಷಣೆಗೆ ಸಲ್ಲುತ್ತದೆ. ಶಾಟ್‌ಗನ್ 3ಕ್ಕಿಂತ ಹೆಚ್ಚು ತೋಟಾಗಳನ್ನು ಹಿಡಿಯದಂತೆ ಅಡೆ ಹಾಕಿರಬೇಕು. ಕೆರೆಯ ತಳದಲ್ಲಿ ಉಳಿದ ಸೀಸದ ಚರೆಗಳನ್ನು ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತಿದ್ದುದರಿಂದ, 1991ರಿಂದ ದೇಶದಾದ್ಯಂತ ಬಾತುಬೇಟೆಗೆ ಉಕ್ಕಿನಂಥ ವಿಷರಹಿತ ಚರೆಯೇ ಕಡ್ಡಾಯವಾಗಿದೆ.

ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಕೇಂದ್ರ ಬಂದೂಕು ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಮೆರಿಕದಲ್ಲಿ ಕಾನೂನುಬದ್ಧವಾಗಿ ಪಡೆದ ಬೇಟೆ ಪರವಾನಗಿ ಇರುವುದು ಈ ನಿಷೇಧಕ್ಕೆ ಇರುವ ಅಪವಾದಗಳಲ್ಲಿ ಒಂದು. ಆದ್ದರಿಂದ ಇಂಥವರು ಪರವಾನಗಿಯ ಅವಧಿ ಮುಗಿಯದಂತೆ ನೋಡಿಕೊಳ್ಳಬೇಕು. ಸ್ನೇಹಿತರ ಬಂದೂಕನ್ನು ಪರವಾನಗಿಯಿಲ್ಲದೆ ಕೈಗೆತ್ತಿಕೊಳ್ಳುವುದೂ ಗಂಭೀರ ಅಪರಾಧವಾಗಬಲ್ಲದು.

ನೋಟಿಸು ಬಂದಾಗ

ವನ್ಯಜೀವಿ ಅಧಿಕಾರಿ ಕೇಳಿದಾಗ ಪರವಾನಗಿ, ಬಂದೂಕು ಮತ್ತು ಹೊಡೆದ ಹಕ್ಕಿಗಳನ್ನು ತೋರಿಸಬೇಕು. ಹಕ್ಕಿಯ ಜಾತಿ ಗುರುತಿಸಲು ಅನುವಾಗುವಂತೆ ಸಾಗಣೆಯ ವೇಳೆ ತಲೆಯನ್ನಾಗಲಿ ಪುಕ್ಕಸಹಿತ ಒಂದು ರೆಕ್ಕೆಯನ್ನಾಗಲಿ ಉಳಿಸಿರಬೇಕು. ಆದರೆ ತಪ್ಪೊಪ್ಪಿಗೆಯ ಹೇಳಿಕೆ ನೀಡಲು ಯಾರನ್ನೂ ಒತ್ತಾಯಿಸುವಂತಿಲ್ಲ. ಮೌನವಾಗಿರುವ ಹಕ್ಕು ವಿದೇಶೀಯರಿಗೂ ಇದೆ. ಕೇಂದ್ರ ಉಲ್ಲಂಘನೆಯ ನೋಟಿಸನ್ನು ಹಲವು ಪ್ರಕರಣಗಳಲ್ಲಿ ನಿಗದಿತ ಹಣ ಕಟ್ಟಿ ಮುಗಿಸಬಹುದು, ಇಲ್ಲವೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಸಾಮಾನ್ಯ ಉಲ್ಲಂಘನೆಗೂ 15,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿರುವುದರಿಂದ, ವೀಸಾ ಅವಲಂಬಿಸಿರುವವರು ಹಣ ಕಟ್ಟುವ ಮುನ್ನ ವಕೀಲರನ್ನು ಕಾಣುವುದು ಒಳಿತು.

ಕರ್ನಾಟಕದಲ್ಲಿ

ಅಮೆರಿಕದಲ್ಲಿ ಋತುಮಾನದ ಬೇಟೆಗೆ ಒಳಪಡುವ ಸೂಜಿಬಾಲದ ಬಾತು ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುತ್ತದೆ. ಆದರೆ ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಬಲೆ ಒಡ್ಡುವುದು, ವಿಷ ಇಡುವುದು, ಕೊಲ್ಲಲು ಯತ್ನಿಸುವುದು ಕೂಡ 'ಬೇಟೆ' ಎಂಬ ಪದದ ವ್ಯಾಖ್ಯೆಯೊಳಗೆ ಸೇರುತ್ತವೆ. ಹಾಗಾಗಿ ಅಲ್ಲಿ ಪಡೆದ ಪರವಾನಗಿಗಾಗಲಿ ರೂಢಿಗಾಗಲಿ ಇಲ್ಲಿ ಯಾವ ಮಾನ್ಯತೆಯೂ ಇಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಾಗಲಿ ಊರಿನ ಸಣ್ಣ ಕೆರೆಯಲ್ಲಾಗಲಿ ಹಕ್ಕಿಗಳಿಗೆ ಬಲೆ ಬೀಸುವುದು ಕಂಡುಬಂದರೆ ನಾಗರಿಕರು ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ಕೂಡಲೇ ತಿಳಿಸಬೇಕು.

ಬೇಟೆಯ ಋತು, ದಿನದ ಮಿತಿ ಮತ್ತು ದೋಣಿಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಅಮೆರಿಕದಲ್ಲಿ ಬೇಟೆಗೆ ಹೊರಡುವ ಪ್ರತಿಯೊಬ್ಬರೂ ಆಯಾ ರಾಜ್ಯದ ಇಲಾಖೆ ಪ್ರಕಟಿಸುವ ಆ ವರ್ಷದ ಕೈಪಿಡಿಯನ್ನು ಓದಿಕೊಂಡ ಬಳಿಕವೇ ದೋಣಿಯನ್ನು ನೀರಿಗಿಳಿಸಬೇಕು.