ಹಜಾರದ ಟೆಲಿವಿಷನ್ನಿನ ಅಳತೆಯನ್ನು ಗೊತ್ತುಮಾಡುವ ಕ್ರಮ

ಲಂಬಕೋನ ತ್ರಿಭುಜದ ಕರ್ಣವನ್ನು ಕುರಿತು ತರಗತಿಯಲ್ಲಿ ಪಾಠ ಹೇಳುವ ದಿವಸ, ಇದರಿಂದ ಮುಂದೆ ಏನು ಪ್ರಯೋಜನವೆಂದು ಕೇಳುವ ಹುಡುಗಿಯು ಪ್ರತಿವರ್ಷವೂ ಒಬ್ಬಳಾದರೂ ಇದ್ದೇ ಇರುವಳು. ಈ ಲೇಖನವು ಅವಳಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರವೆಂದು ಭಾವಿಸಬಹುದು. ಏಕೆಂದರೆ ಹಾಗೆ ಕೇಳಿದವರೇ ಈಗ ಗೃಹಿಣಿಯರಾಗಿ, ತಾಯಂದಿರಾಗಿ ಶಾಲೆಗೆ ಬಂದಾಗ, "ಮಿಸ್, ನಮ್ಮ ಮನೆಗೆ ಎಷ್ಟು ಇಂಚಿನ ಟಿ.ವಿ. ತಂದರೆ ಸರಿಯಾದೀತು?" ಎಂದು ವಿಚಾರಿಸುತ್ತಾರೆ. ಅಂಗಡಿಯವನು ನಮ್ಮ ಕೈಯಲ್ಲಿರುವ ಹಣವನ್ನು ನೋಡಿ ಇದಕ್ಕೆ ಉತ್ತರ ಹೇಳುವನು. ನಾವಾದರೋ ಮನೆಯ ಹಜಾರವನ್ನು ನೋಡಿ ಹೇಳಬೇಕಾಗಿದೆ.

ಮೊದಲು ಈ ಅಂಗುಲವು ಏನನ್ನು ಅಳೆಯುತ್ತದೆಂಬುದನ್ನು ತಿಳಿಯೋಣ. ಅದು ತೆರೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣ. ಹಿಂದಿನ ಗಾಜಿನ ಕೊಳವೆಯ ಪೆಟ್ಟಿಗೆಗಳಲ್ಲಿ ಅಗಲಕ್ಕೂ ಎತ್ತರಕ್ಕೂ ೪:೩ ಎಂಬ ಪ್ರಮಾಣವಿದ್ದಿತು. ೩, ೪, ೫ ಭುಜಗಳುಳ್ಳ ತ್ರಿಭುಜವನ್ನು ಜ್ಞಾಪಕಕ್ಕೆ ತಂದುಕೊಳ್ಳಿರಿ: ಕರ್ಣವು ೨೦ ಅಂಗುಲವಾದರೆ ಅಗಲ ೧೬, ಎತ್ತರ ೧೨. ಈಗಿನ ಚಪ್ಪಟೆ ತೆರೆಗಳ ಪ್ರಮಾಣವು ೧೬:೯. ಇವುಗಳ ಕರ್ಣವನ್ನು ೦.೮೭ರಿಂದ ಗುಣಿಸಿದರೆ ಅಗಲವೂ, ೦.೪೯ರಿಂದ ಗುಣಿಸಿದರೆ ಎತ್ತರವೂ ದೊರೆಯುವುವು. ಆ ಪ್ರಕಾರ ೩೨ ಅಂಗುಲದ ತೆರೆಯು ಸುಮಾರು ೨೮ ಅಂಗುಲ ಅಗಲ, ೧೬ಕ್ಕೆ ಸ್ವಲ್ಪ ಕಡಮೆ ಎತ್ತರ. ೪೩ರದು ೩೭½ ಅಗಲ, ೨೧ ಎತ್ತರ. ೫೫ರದು ೪೮ ಅಗಲ, ೨೭ ಎತ್ತರ. ಹಳೆಯ ೨೯ ಅಂಗುಲದ ಪೆಟ್ಟಿಗೆಯನ್ನು ಕೊಟ್ಟು ಹೊಸ ೩೨ ಅಂಗುಲದ್ದನ್ನು ತಂದವರು, ಚಿತ್ರದಲ್ಲಿ ಮುಖಗಳು ಚಿಕ್ಕವಾದುವಲ್ಲಾ ಎಂದು ಬೆರಗಾದದ್ದು ಈ ಪ್ರಮಾಣಭೇದದಿಂದಲೇ. ಹಳೆಯದರ ಎತ್ತರ ೧೭ ಅಂಗುಲಕ್ಕೂ ಮಿಗಿಲಾಗಿದ್ದಿತು. ಇನ್ನೊಂದು ವಿಷಯ: ೪೩ರಿಂದ ೫೫ಕ್ಕೆ ಹನ್ನೆರಡೇ ಅಂಗುಲದ ವ್ಯತ್ಯಾಸವೆಂದು ತೋರಿದರೂ, ಗೋಡೆಯ ಮೇಲೆ ಅದು ಆಕ್ರಮಿಸುವ ಕ್ಷೇತ್ರವು ಒಂದೂವರೆ ಪಾಲಿಗೂ ಮಿಕ್ಕುತ್ತದೆ.

ಇನ್ನು ದೂರದ ಮಾತು. ತೆರೆಯ ಎಡಬಲದ ಅಂಚುಗಳು ನೋಡುವವರ ಕಣ್ಣಿನಲ್ಲಿ ಸುಮಾರು ೩೦ ಡಿಗ್ರಿ ಕೋನವನ್ನುಂಟುಮಾಡಿದರೆ ಚಲನಚಿತ್ರಗಳನ್ನು ನೋಡಲು ಸೊಗಸೆಂದೂ, ವಾರ್ತೆ ಧಾರಾವಾಹಿಗಳಿಗೆ ೨೦ ಡಿಗ್ರಿ ಸಾಕೆಂದೂ ಇಟ್ಟುಕೊಳ್ಳಬಹುದು. ಲೆಕ್ಕಮಾಡಿ ನೋಡಿದರೆ ಮೊದಲನೆಯದಕ್ಕೆ ಕರ್ಣದ ೧.೬ರಷ್ಟು, ಎರಡನೆಯದಕ್ಕೆ ೨.೫ರಷ್ಟು ದೂರ ಬೇಕಾಗುವುದು. ಎಂದರೆ, ಕುಳಿತವರ ಕಣ್ಣಿನಿಂದ ತೆರೆಯವರೆಗಿನ ದೂರವನ್ನು ಅಂಗುಲಗಳಲ್ಲಿ ಬರೆದುಕೊಂಡು ೨.೫ರಿಂದ ಭಾಗಿಸಿದರೆ ಕನಿಷ್ಠ ಅಳತೆಯೂ, ೧.೬ರಿಂದ ಭಾಗಿಸಿದರೆ ಗರಿಷ್ಠ ಅಳತೆಯೂ ಬರುವುವು.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದುಂಟು. ಗೋಡೆಯಿಂದ ಗೋಡೆಗೆ ಅಳೆಯುತ್ತಾರೆ. ಆದರೆ ನೋಡುವುದು ಗೋಡೆಯಲ್ಲ, ಕಣ್ಣು. ರಾಜೀವನಗರದಲ್ಲಿ ೨೦×೩೦, ೩೦×೪೦ ಅಡಿಗಳ ನಿವೇಶನಗಳಲ್ಲಿ ಕಟ್ಟಿದ ಮನೆಗಳೇ ಹೆಚ್ಚು. ಇಂಥ ಮನೆಯ ಹಜಾರವು ಹತ್ತು ಅಡಿಯಿದ್ದರೆ, ಸೋಫಾದ ಬೆನ್ನು, ಒರಗುವ ದಿಂಬು ಇವು ಎರಡಡಿಯನ್ನು ನುಂಗಿ, ಉಳಿಯುವುದು ಎಂಟೇ ಅಡಿ, ಅಂದರೆ ೯೬ ಅಂಗುಲ. ಭಾಗಿಸಿದರೆ ೩೮ರಿಂದ ೬೦ ಅಂಗುಲದವರೆಗೆ ಅವಕಾಶವಿದೆಯೆಂದು ಕಾಣುವುದು. ಹಾಗಾದರೆ ೫೫ ತರಬಹುದಲ್ಲವೇ ಎಂದು ಕೇಳಬಹುದು. ಸೋಫಾದ ಮೇಲೆ ಕುಳಿತ ತಂದೆಗೆ ಅದು ಸರಿಯೇ. ಆದರೆ ನಮ್ಮ ಮನೆಗಳಲ್ಲಿ ಮಕ್ಕಳೂ ಅಜ್ಜಿಯೂ ಚಾಪೆಯ ಮೇಲೆ ಮುಂದೆ ಕುಳಿತುಕೊಳ್ಳುವರು. ಅವರಿಗೆ ತೆರೆಯು ಐದು ಅಡಿಯ ದೂರದಲ್ಲಿರುವುದು. ಅಷ್ಟಕ್ಕೆ ೩೭ ಅಂಗುಲವೇ ಪರಮಾವಧಿ. ಆದಕಾರಣ ನಮ್ಮ ಅಭಿಪ್ರಾಯದಲ್ಲಿ ಎಂಟಡಿ ದೂರವುಳ್ಳ ಹಜಾರಕ್ಕೆ ೪೩, ಆರಡಿಯುಳ್ಳದ್ದಕ್ಕೆ ೩೨ ಯುಕ್ತವಾದುದು. ಒಂಬತ್ತು ಅಡಿಯಿದ್ದು, ಏಳೂವರೆ ಅಡಿಗಿಂತ ಹತ್ತಿರ ಯಾರೂ ಕೂರದ ಮನೆಯಲ್ಲಿ ೫೫ನ್ನು ನಾವು ಬೇಡವೆನ್ನುವುದಿಲ್ಲ.

ತೆರೆಯ ಚುಕ್ಕೆಗಳ ವಿಷಯದಲ್ಲಿಯೂ ಅಂಗಡಿಯಲ್ಲಿ ಬಹಳ ಮಾತು ನಡೆಯುತ್ತದೆ. ಆರೋಗ್ಯವಾದ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಸೂಕ್ಷ್ಮವನ್ನು ಬೇರ್ಪಡಿಸಿ ಕಾಣಬಲ್ಲುದು. ಇದರಂತೆ ೧೦೮೦ ಸಾಲುಗಳುಳ್ಳ ೪೩ ಅಂಗುಲದ ತೆರೆಯನ್ನು ಐದೂಮುಕ್ಕಾಲು ಅಡಿಯಾಚೆಯಿಂದ ನೋಡಿದರೆ ಚುಕ್ಕೆಗಳು ಕಾಣಿಸವು. ಅದೇ ಅಳತೆಯ ಫೋರ್ ಕೆ ತೆರೆಯನ್ನು ಎಂಟಡಿಯಿಂದ ನೋಡುವವರು ಅದರ ಹೆಚ್ಚಿನ ಸೂಕ್ಷ್ಮತೆಯನ್ನು ಅನುಭವಿಸಲಾರರು. ಪ್ರತಿಯಾಗಿ, ೫೭೬ ಸಾಲುಗಳ ಸಾಧಾರಣ ಪ್ರಸಾರವನ್ನು ದೊಡ್ಡ ತೆರೆಯ ಮೇಲೆ ಹತ್ತಿರದಿಂದ ನೋಡಿದರೆ ಚಿತ್ರವು ಮಸುಕಾಗಿ ಹರಡಿಕೊಳ್ಳುವುದು. ಮನೆಯಲ್ಲಿ ಅಂಥ ಚಾನೆಲ್ಲುಗಳನ್ನೇ ನೋಡುವುದಾದರೆ ದೊಡ್ಡ ತೆರೆಗೆ ಕೊಟ್ಟ ಹಣವು ಮಸುಕನ್ನು ಹಿಗ್ಗಿಸಿಕೊಳ್ಳಲು ಕೊಟ್ಟಂತೆಯೇ ಸರಿ.

೧೯೩೫ರಲ್ಲಿ ಇದೇ ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಪ್ರಸಾರಮಾಡಿದ ಕಾಲದಲ್ಲಿ, ರೇಡಿಯೋ ಪೆಟ್ಟಿಗೆಯು ಮನೆಯಲ್ಲಿ ಒಂದು ಮೂಲೆಯನ್ನಷ್ಟೇ ಕೇಳುತ್ತಿದ್ದಿತು; ಅಡಿಗೆ ಮಾಡುತ್ತ ಕೇಳಬಹುದಾಗಿತ್ತು. ಟೆಲಿವಿಷನ್ನು ಗೋಡೆಯನ್ನು ಕೇಳುತ್ತದೆ, ಆ ಗೋಡೆಗೆ ಎದುರಾಗಿ ಎಲ್ಲರೂ ಕೂರಬೇಕೆನ್ನುತ್ತದೆ. ೧೯೮೭ರಲ್ಲಿ ರಾಮಾಯಣ ಧಾರಾವಾಹಿಯು ಬರುತ್ತಿದ್ದಾಗ ಬೀದಿಯವರೆಲ್ಲ ಒಂದೇ ಮನೆಯಲ್ಲಿ ಚಿಕ್ಕ ಪೆಟ್ಟಿಗೆಯ ಮುಂದೆ, ಕೆಲವರು ಕಿಟಕಿಯಾಚೆಯೂ ನಿಂತು ನೋಡಿದ್ದನ್ನು ಬಲ್ಲ ಹಿರಿಯರು ಈ ಲೆಕ್ಕಗಳನ್ನೆಲ್ಲ ನೋಡಿ ನಗಬಹುದು. ನಗಲಿ.

ಕಣ್ಣಿನ ಭಯವನ್ನು ಕುರಿತು ಎರಡು ಮಾತು. ಹತ್ತಿರ ಕುಳಿತು ನೋಡಿದರೆ ಕಣ್ಣು ಆಯಾಸಗೊಳ್ಳುವುದು, ರೆಪ್ಪೆ ಮಿಟುಕಿಸುವುದು ಕಡಮೆಯಾಗಿ ಒಣಗುವುದು. ಆದರೆ ತೆರೆಯ ಗಾತ್ರದಿಂದಲೇ ದೃಷ್ಟಿ ಕೆಡುವುದೆಂಬುದು ಸರಿಯಲ್ಲ. ಎಷ್ಟು ಹೇಳಿದರೂ ಮಗುವು ತೆರೆಯ ಬಳಿಗೇ ಹೋಗುತ್ತಿದ್ದರೆ ಗದರಿಸದೆ ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ದೂರದ್ದು ಕಾಣಿಸದಿರುವುದೇ ಅದಕ್ಕೆ ಕಾರಣವಾಗಿರಬಹುದು. ತೆರೆಯ ನಡುಭಾಗವು ಕುಳಿತವರ ಕಣ್ಣಿಗೆ ಸಮವಾಗಿರಲಿ. ಕುರ್ಚಿಯವರೂ ಚಾಪೆಯವರೂ ಕೂಡಿ ನೋಡುವ ಮನೆಯಲ್ಲಿ ನೆಲದಿಂದ ಮೂರಡಿಯ ಆಸುಪಾಸು ಅನುಕೂಲ. ಬಾಗಿಲ ತಲೆಯ ಮಟ್ಟದಲ್ಲಿ ದೇವರ ಪಟದಂತೆ ತೂಗುಹಾಕಿದರೆ ಕತ್ತು ನೋಯುವುದು.

ಬೆಲೆಯ ವಿಷಯ ಸಂಕ್ಷೇಪವಾಗಿ ಹೇಳುತ್ತೇವೆ. ೨೦೧೯ರಿಂದ ೩೨ ಅಂಗುಲದವರೆಗಿನ ತೆರೆಗಳಿಗೆ ಶೇಕಡ ೧೮, ಅದಕ್ಕೆ ಮೇಲ್ಪಟ್ಟವಕ್ಕೆ ೨೮ ತೆರಿಗೆಯಿದ್ದಿತು. ೨೦೨೫ರ ಸೆಪ್ಟೆಂಬರಿನಲ್ಲಿ ದೊಡ್ಡವುಗಳ ತೆರಿಗೆಯೂ ೧೮ಕ್ಕಿಳಿಯಿತು. ವಿದ್ಯುಚ್ಛಕ್ತಿಯ ಖರ್ಚು ಮಾತ್ರ ಗಾತ್ರದೊಡನೆಯೇ ಏರುವುದು. ೭೦ ವಾಟಿನ ಯಂತ್ರವನ್ನು ದಿನಕ್ಕೆ ಐದು ಗಂಟೆ ನಡೆಸಿದರೆ ತಿಂಗಳಿಗೆ ಹತ್ತೂವರೆ ಯೂನಿಟ್ಟು, ೧೨೦ ವಾಟಿನದಾದರೆ ಹದಿನೆಂಟು. ೨೦೨೩ರಲ್ಲಿ ಪ್ರಾರಂಭವಾದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಒಂದು ಮಿತಿಯಿರುವುದರಿಂದ, ಅದರ ಅಂಚಿನಲ್ಲಿರುವವರು ಕೊಳ್ಳುವ ಮುಂಚೆಯೇ ಹಿಂಬದಿಯ ಚೀಟಿಯಲ್ಲಿ ವಾಟುಗಳನ್ನು ಓದಿಕೊಳ್ಳತಕ್ಕದ್ದು.

ಇಷ್ಟನ್ನೂ ಬರೆಯಲು ನಮ್ಮನ್ನು ಪ್ರೇರಿಸಿದ್ದು ರಾಜೀವನಗರದ ಒಂದು ಮನೆ. ಅಲ್ಲಿಯ ತಾಯಿಯೂ ನಮ್ಮಲ್ಲಿಯೇ ಓದಿದವಳು, ಮಗಳು ಹತ್ತನೆಯ ತರಗತಿಯಲ್ಲಿದ್ದಳು. ದಸರೆಯ ರಿಯಾಯಿತಿಯಲ್ಲಿ ಕಂತಿನ ಮೇಲೆ ೫೫ ಅಂಗುಲದ್ದನ್ನು ತಂದಿದ್ದರು. "ಅಂಗಡಿಯಲ್ಲಿ ನೋಡಿದಾಗ ಚಿಕ್ಕದಾಗಿ ಕಂಡಿತು ಮಿಸ್" ಎಂದಳು ತಾಯಿ. ನಿಜವೇ, ವಿಶಾಲವಾದ ಅಂಗಡಿಯಲ್ಲಿ, ಇನ್ನೂ ದೊಡ್ಡ ತೆರೆಗಳ ಮಗ್ಗುಲಲ್ಲಿ ಹಾಗೆಯೇ ಕಾಣುವುದು. ಮನೆಯಲ್ಲಿ ನಾಲ್ಕಡಿ ಅಗಲದ ವಸ್ತುವಿಗೆ ಸ್ಥಳವಿದ್ದುದು ಒಂದೇ ಗೋಡೆಯಲ್ಲಿ, ಕಿಟಕಿಯ ಮಗ್ಗುಲಲ್ಲಿ, ಮಗಳ ಓದುವ ಮೇಜಿದ್ದೆಡೆಯಲ್ಲಿ. ಮೇಜು ಮಂಚದ ಕೋಣೆಗೆ ಹೋಯಿತು, ಅಲ್ಲಿಯೂ ಇಕ್ಕಟ್ಟಾಗಿ ಮಡಿಚಿಡಲ್ಪಟ್ಟಿತು. ಆ ಹುಡುಗಿಯು ದೂರಿದವಳಲ್ಲ. ಅವಳ ರೇಖಾಗಣಿತದ ನೋಟು ಪುಸ್ತಕದ ಅಂಚಿನಲ್ಲಿ ಒಗ್ಗರಣೆಯ ಎಣ್ಣೆಯ ಕಲೆಗಳನ್ನು ಕಂಡು ನಾವೇ ಕೇಳಿದಾಗ, ರಾತ್ರಿ ಅಡಿಗೆಮನೆಯ ಕಟ್ಟೆಯ ಮೇಲೆ ಬರೆಯುತ್ತೇನೆಂದು ಹೇಳಿದಳು. ಇಂಥ ಮನೆಗಳಲ್ಲಿ ಹಜಾರವೊಂದೇ ಓದುವ ಕೋಣೆ, ಅತಿಥಿಗಳ ಕೋಣೆ. ಸಂಜೆಯ ಪ್ರಾರ್ಥನೆಯೋ ನಮಾಜೋ ದೀಪ ಹಚ್ಚುವುದೋ ಎಲ್ಲವೂ ಅಲ್ಲಿಯೇ.

ಅಂದಿನಿಂದ ನಾವು ಕೇಳಿದವರಿಗೆಲ್ಲ ಹೇಳುವುದಿಷ್ಟು: ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ, ಬೇಕೆಂದ ಅಳತೆಗೆ ಕತ್ತರಿಸಿ, ಗೋಡೆಗೆ ಹಚ್ಚಿ ಒಂದು ವಾರ ಬಿಡಿರಿ. ಕಿಟಕಿಯ ಬೆಳಕು ಅದರ ಮೇಲೆ ಬೀಳುವುದೋ, ಕದವು ತಗಲುವುದೋ, ಯಾರ ಮೇಜು ಎದ್ದುಹೋಗಬೇಕಾಗುವುದೋ ಅಷ್ಟರಲ್ಲಿ ತಿಳಿದುಬರುವುದು. ಒಂಬತ್ತನೆಯ ತರಗತಿಯ ಹುಡುಗಿಯರು ಇದನ್ನು ತಮ್ಮ ತಮ್ಮ ಮನೆಗಳಲ್ಲಿ ಮಾಡಿ, ಅಳತೆಗಳನ್ನು ಬರೆದು ತಂದರು. ಕರ್ಣದ ಪಾಠವನ್ನು ಆ ವರ್ಷ ಎರಡನೆಯ ಸಲ ಹೇಳಬೇಕಾಗಲಿಲ್ಲ.

ಆ ಮನೆಯವರು ತಂದ ಯಂತ್ರವನ್ನು ಅಂಗಡಿಯು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಂದೆಯು ಅದನ್ನು ಪಕ್ಕದ ಗೋಡೆಗೆ ಸರಿಸಿ, ದಿವಾನವನ್ನು ಹೊರಗಿನ ಜಗಲಿಗೆ ಸಾಗಿಸಿ, ಮೇಜನ್ನು ಮತ್ತೆ ಕಿಟಕಿಯ ಬಳಿಗೆ ತಂದಿಟ್ಟರು. ಫ್ಯಾನಿನ ಸ್ವಿಚ್ಚು ಮಾತ್ರ ಈಗ ತೆರೆಯ ಹಿಂದೆ ಸೇರಿಕೊಂಡಿದೆ. ಹುಡುಗಿಯು ತನ್ನ ಮರದ ಸ್ಕೇಲನ್ನು ಸಂದಿನಲ್ಲಿ ತೂರಿಸಿ ಅದನ್ನು ಒತ್ತುತ್ತಾಳೆ.