ಚಿಕ್ಕ ಕಾಲೇಜು, ಹಲವು ನುಡಿಗಳು

ಭಾಷೆ ಮತ್ತು ಸಾಹಿತ್ಯಗಳ ಅಧ್ಯಯನಕ್ಕೆ ದೊಡ್ಡ ಸಂಸ್ಥೆಯೂ ತುಂಬಿದ ತರಗತಿಯೂ ಅನಿವಾರ್ಯವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹೊರನಾಡಿನ ಕನ್ನಡ ತರಗತಿಗಳಲ್ಲಿ ವಿದ್ಯಾರ್ಥಿಗಳು ಕಡಿಮೆಯಾದಾಗಲೆಲ್ಲ 'ಇಷ್ಟು ಮಂದಿಗಾಗಿ ಒಂದು ವಿಭಾಗ ಬೇಕೆ?' ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಎದುರಿಸುವವರು ಮದರಾಸಿನಲ್ಲಿ 1812ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ಉಚಿತ.

ಈಸ್ಟ್ ಇಂಡಿಯಾ ಕಂಪನಿಯ ತರುಣ ಅಧಿಕಾರಿಗಳಿಗೆ ಆಡಳಿತಕ್ಕೆ ಅಗತ್ಯವಾದ ದೇಶಭಾಷೆಗಳನ್ನು ಕಲಿಸುವುದು ಈ ಕಾಲೇಜಿನ ಉದ್ದೇಶವಾಗಿತ್ತು. ಕಲಿಯುವವರು ಕೆಲವರೇ. ಆದರೆ ತಮಿಳು, ತೆಲುಗು, ಕನ್ನಡ, ಸಂಸ್ಕೃತ ಮೊದಲಾದ ಭಾಷೆಗಳನ್ನು ಬಲ್ಲವರು ಅಲ್ಲಿ ಒಂದೆಡೆ ಸೇರಿದ್ದರು. ಒಂದು ಭಾಷೆಯ ಧಾತುಪಾಠವನ್ನು ಮತ್ತೊಂದರ ಪಕ್ಕದಲ್ಲಿರಿಸಿ ನೋಡುವ ಅವಕಾಶ ಈ ಸಾಮೀಪ್ಯದಿಂದ ಒದಗಿತು.

ಭಾರತದ ಭಾಷೆಗಳೆಲ್ಲ ಸಂಸ್ಕೃತಜನ್ಯವೆಂಬುದು ಆ ಕಾಲದ ಪಾಶ್ಚಾತ್ಯ ವಿದ್ವಾಂಸರಲ್ಲಿ ಪ್ರಚಲಿತವಾಗಿದ್ದ ಅಭಿಪ್ರಾಯ. 1816ರಲ್ಲಿ ಎ. ಡಿ. ಕ್ಯಾಂಬೆಲ್ ಅವರ ತೆಲುಗು ವ್ಯಾಕರಣ ಪ್ರಕಟವಾದಾಗ, ಅದರ ಪೀಠಿಕೆಗೆ ಫ್ರಾನ್ಸಿಸ್ ವೈಟ್ ಎಲ್ಲಿಸ್ ಬರೆದ ಟಿಪ್ಪಣಿ ಈ ಅಭಿಪ್ರಾಯವನ್ನು ಪ್ರಶ್ನಿಸಿತು. ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಹೋಲಿಸಿದ ಎಲ್ಲಿಸ್, ಈ ಭಾಷೆಗಳಲ್ಲಿ ಸಂಸ್ಕೃತ ಶಬ್ದಗಳು ಹೇರಳವಾಗಿದ್ದರೂ ಅವುಗಳ ಮೂಲ ಬೇರೆಯೆಂದು ತೋರಿಸಿದರು. ಕಾಲ್ಡ್‌ವೆಲ್ಲರ ಪ್ರಸಿದ್ಧ ತೌಲನಿಕ ವ್ಯಾಕರಣ ಬಂದದ್ದು 1856ರಲ್ಲಿ, ಅಂದರೆ ನಲವತ್ತು ವರ್ಷಗಳ ತರುವಾಯ.

ಈ ಬಗೆಯ ಹೋಲಿಕೆಯ ಸ್ವರೂಪವನ್ನು ಕೆಲವು ಸಾಮಾನ್ಯ ಶಬ್ದಗಳಿಂದ ತಿಳಿಯಬಹುದು. ಹೊಸಗನ್ನಡದ ಹಾಲು, ಹುಲಿ, ಹತ್ತು ಎಂಬವು ಹಳಗನ್ನಡದಲ್ಲಿ ಪಾಲ್, ಪುಲಿ, ಪತ್ತು. ತಮಿಳಿನಲ್ಲಿಯೂ ಇವೇ ರೂಪಗಳು ಇಂದಿಗೂ ಬಳಕೆಯಲ್ಲಿವೆ. ನಮ್ಮ ಬೇರು ತಮಿಳಿನಲ್ಲಿ ವೇರ್, ತೆಲುಗಿನಲ್ಲಿ ವೇರು. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ತಮಿಳಿನಲ್ಲಿ ಸೆವಿ. ಮೂಲದ ಕಕಾರವನ್ನು ಇಲ್ಲಿ ಉಳಿಸಿಕೊಂಡಿರುವುದು ಕನ್ನಡವೇ. ಪಕಾರವನ್ನು ಹಕಾರವಾಗಿಸಿಕೊಂಡ ಭಾಷೆ ಕಕಾರವನ್ನು ಕಾಪಾಡಿಕೊಂಡಿತು. ಒಂದೊಂದು ಸೋದರಭಾಷೆಯೂ ಪರಂಪರೆಯ ಒಂದೊಂದು ಅಂಶವನ್ನು ಜತನ ಮಾಡಿದೆಯೆಂಬುದು ಇದರಿಂದ ಸ್ಪಷ್ಟ.

ಈ ಅವಧಿಯಲ್ಲಿ ಕನ್ನಡಕ್ಕಾದ ಲಾಭವೂ ಅಲ್ಪವಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ದೂರದ ಸಿರಾಂಪುರದಲ್ಲಿ ಅಚ್ಚಾಗಿತ್ತು. 1820ರಲ್ಲಿ ಜಾನ್ ಮೆಕೆರೆಲ್ಲರ ವ್ಯಾಕರಣ ಮದರಾಸಿನಲ್ಲಿಯೇ ಹೊರಬಂದಿತು. 1838ರ ವೇಳೆಗೆ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು ತಮ್ಮ 'ಹೊಸಗನ್ನಡ ನುಡಿಗನ್ನಡಿ'ಯಲ್ಲಿ ಹೊಸಗನ್ನಡದ ವ್ಯಾಕರಣವನ್ನು ಹೊಸಗನ್ನಡ ಗದ್ಯದಲ್ಲಿಯೇ ನಿರೂಪಿಸಿದರು.

ಆದರೆ ಈ ಚರಿತ್ರೆಯನ್ನು ಕೇವಲ ಕೊಂಡಾಡುವುದು ಸಲ್ಲದು. ಕಾಲೇಜನ್ನು ಪೋಷಿಸಿದ್ದು ಆಳುವವರ ಅಗತ್ಯ. 1854ರಲ್ಲಿ ಅದನ್ನು ಮುಚ್ಚಲಾಯಿತು. ಎಲ್ಲಿಸ್ ತಮ್ಮ ವಾದಕ್ಕೆ ಪಟ್ಟಾಭಿರಾಮ ಶಾಸ್ತ್ರಿಗಳ ಧಾತುಸಂಗ್ರಹವನ್ನೂ 'ಆಂಧ್ರದೀಪಿಕೆ'ಯ ಕರ್ತೃ ಮಾಮಿಡಿ ವೆಂಕಯ್ಯನವರ ವಿವೇಚನೆಯನ್ನೂ ಆಧರಿಸಿದ್ದರು. ತತ್ಸಮ, ತದ್ಭವ, ದೇಶ್ಯಗಳೆಂಬ ವಿಂಗಡಣೆ ನಮ್ಮ ವೈಯಾಕರಣರಿಗೆ ಮೊದಲೇ ತಿಳಿದಿದ್ದಿತು. ಆದರೂ ದೇಶೀಯ ಪಂಡಿತರ ಹೆಸರುಗಳು ವಿದ್ಯಾರ್ಥಿಗಳ ಕಿವಿಗೆ ಬೀಳುವುದು ವಿರಳ. ಅವನ್ನು ಪಾಠದೊಳಗೆ ತರುವುದು ಅಧ್ಯಾಪಕರ ಹೊಣೆ.

ಹೊರನಾಡಿನ ಕನ್ನಡ ತರಗತಿಯ ಬೆಲೆಯನ್ನು ತಲೆಯೆಣಿಕೆಯಿಂದ ಮಾತ್ರ ಅಳೆಯಲಾಗದು. ಚೆನ್ನೈನ ವಿದ್ಯಾರ್ಥಿ ಬೀದಿಯಲ್ಲಿ ದಿನವೂ 'ಪಾಲ್' ಎಂಬ ಶಬ್ದವನ್ನು ಕೇಳುತ್ತಾನೆ; ಪಂಪನ ಕಾಲದ ಶಬ್ದರೂಪ ಅವನಿಗೆ ಅಪರಿಚಿತವಲ್ಲ. ಬೆಂಗಳೂರಿನ ವಿದ್ಯಾರ್ಥಿ ಟಿಪ್ಪಣಿ ನೋಡಿ ತಿಳಿಯುವುದನ್ನು ಇವನು ಕಿವಿಯಿಂದಲೇ ಗ್ರಹಿಸಬಲ್ಲ. ಹೈದರಾಬಾದಿನವರಿಗೆ ತೆಲುಗು ಮತ್ತು ಉರ್ದು, ಮುಂಬಯಿ ಪುಣೆಗಳವರಿಗೆ ಮರಾಠಿ ಇಂತಹುದೇ ನೆರೆಯ ಸಂಪತ್ತು. ಆದರೆ ಈ ಸಂಪತ್ತು ತಾನಾಗಿ ವಿದ್ಯೆಯಾಗುವುದಿಲ್ಲ. ಪಠ್ಯಕ್ರಮದಲ್ಲಿ ನೆರೆಭಾಷೆಗೆ ಒಂದು ಪತ್ರಿಕೆಯಷ್ಟಾದರೂ ಸ್ಥಾನವಿರಬೇಕು. ಪಕ್ಕದ ವಿಭಾಗದ ಅಧ್ಯಾಪಕರು ನಮ್ಮ ತರಗತಿಗೂ ನಾವು ಅವರ ತರಗತಿಗೂ ಹೋಗಿಬರುವಂತಾಗಬೇಕು. ಹತ್ತು ಮಂದಿಯ ತರಗತಿಯಲ್ಲಿ ಇದು ಸುಲಭಸಾಧ್ಯ. ನೂರು ಮಂದಿಯ ತರಗತಿಯಲ್ಲಿ ಕಷ್ಟ. ಅಂತಹ ತರಗತಿ ಮುಚ್ಚಿದರೆ ನಷ್ಟ ಹತ್ತು ವಿದ್ಯಾರ್ಥಿಗಳದಷ್ಟೇ ಅಲ್ಲ. ಕನ್ನಡವನ್ನು ಅದರ ಸೋದರನುಡಿಗಳ ನಡುವೆ ನಿಂತು ನೋಡುವ ಒಂದು ನೆಲೆಯೇ ಇಲ್ಲವಾಗುತ್ತದೆ.