ಶ್ವಾಸೋಚ್ಛ್ವಾಸ: ಮನೆಯವರೂ ತಿಳಿಯತಕ್ಕ ಒಂದು ಪಾಠ

ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಈ ಸಂಚಿಕೆಯನ್ನು ಓದುವಾಗ ತರಗತಿಯ ಒಂದು ಪಾಠವನ್ನಾದರೂ ಮತ್ತೊಮ್ಮೆ ಕೇಳಲಿ ಎಂಬ ಆಶೆಯಿಂದ ಇದನ್ನು ಬರೆಯುತ್ತೇನೆ. ಇದು ಪರೀಕ್ಷೆಗೆ ಮಾತ್ರ ಬೇಕಾದ ಪಾಠವಲ್ಲ. ಮನೆಯಲ್ಲಿ ಜೀವವನ್ನು ಕಾಯತಕ್ಕ ಪಾಠವಾಗಿದೆ.

ಮೊದಲು ಒಂದು ಸಣ್ಣ ಪರೀಕ್ಷೆ. ವೀಳ್ಯದೆಲೆಗೆ ಹಚ್ಚುವ ಹೊಸ ಸುಣ್ಣವನ್ನು ನೀರಿನಲ್ಲಿ ಕದಡಿ ಮುಚ್ಚಿಡಿರಿ. ಮರುದಿನ ಮೇಲಿನ ತಿಳಿಯನ್ನು ಮಾತ್ರ ಗಾಜಿನ ಲೋಟಕ್ಕೆ ಬಸಿದು, ಒಂದು ಕೊಳವೆಯಿಂದ ಮೆಲ್ಲನೆ ಊದಿರಿ. ನೀರನ್ನು ಬಾಯಿಗೆ ಎಳೆಯಬಾರದು. ಸ್ವಲ್ಪ ಹೊತ್ತಿನಲ್ಲಿ ತಿಳಿನೀರು ಹಾಲಿನಂತೆ ಬಿಳುಪಾಗುವದು. ನಾವು ಬಿಡುವ ಉಸಿರಿನಲ್ಲಿರುವ ಇಂಗಾಲಾಮ್ಲ ವಾಯುವೇ ಇದಕ್ಕೆ ಕಾರಣ. ಹೊರಗಿನ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ಸುಮಾರು 21 ಪಾಲು. ಇಂಗಾಲಾಮ್ಲವು ಸುಮಾರು 0.04 ಪಾಲು ಮಾತ್ರ. ಬಿಟ್ಟ ಉಸಿರಿನಲ್ಲಾದರೋ ಆಮ್ಲಜನಕವು ಸುಮಾರು 16ಕ್ಕೆ ಇಳಿದು, ಇಂಗಾಲಾಮ್ಲವು ಸುಮಾರು 4ಕ್ಕೆ ಏರಿರುತ್ತದೆ. ಹಾಗಾದರೆ ಒಳಗೆ ನಡೆದದ್ದೇನು?

ಗಾಳಿ ಒಳಗೆ ಬಂದದ್ದರಿಂದ ಎದೆ ಉಬ್ಬುತ್ತದೆಂದು ಹೆಚ್ಚಿನ ಹುಡುಗಿಯರು ಹೇಳುವದುಂಟು. ನಿಜವು ಇದಕ್ಕೆ ವಿರುದ್ಧವಾಗಿದೆ: ಎದೆ ಉಬ್ಬಿದ್ದರಿಂದಲೇ ಗಾಳಿ ಒಳಗೆ ಬರುತ್ತದೆ. ಕಮ್ಮಾರನು ತಿದಿಯನ್ನು ಅಗಲಿಸಿದಾಗ ಗಾಳಿ ತಾನಾಗಿ ನುಗ್ಗುವದಷ್ಟೆ? ಅದರಂತೆಯೇ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯೆಂಬ ಸ್ನಾಯುಪರದೆಯು ಕೆಳಗಿಳಿಯುತ್ತದೆ. ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಏಳುತ್ತವೆ. ಎದೆಯ ಗೂಡು ಹಿಗ್ಗಿ ಒಳಗಿನ ಒತ್ತಡವು ಕಡಿಮೆಯಾಗುತ್ತದೆ. ಆಗ ಗಾಳಿಯು ಮೂಗಿನಿಂದ ಶ್ವಾಸನಾಳದ ಮೂಲಕ ಶ್ವಾಸಕೋಶಗಳಿಗೆ ಇಳಿಯುತ್ತದೆ. ಇದು ಉಚ್ಛ್ವಾಸ. ಸ್ನಾಯುಗಳು ಸಡಿಲವಾದಾಗ ಎದೆ ಕುಗ್ಗಿ ಗಾಳಿ ಹೊರಬೀಳುವದು ನಿಶ್ವಾಸ. ಸುಮ್ಮನೆ ಕುಳಿತ ದೊಡ್ಡವರು ಒಂದು ನಿಮಿಷದಲ್ಲಿ 12ರಿಂದ 18 ಸಾರಿ ಹೀಗೆ ಮಾಡುತ್ತಾರೆ. ಒಂದೊಂದು ಸಾರಿಗೆ ಸುಮಾರು ಅರ್ಧ ಲೀಟರು ಗಾಳಿ ಹೋಗಿಬರುತ್ತದೆ.

ಶ್ವಾಸನಾಳವು ಮರದ ಕೊಂಬೆಗಳಂತೆ ಕವಲೊಡೆಯುತ್ತ ಹೋಗಿ, ಕೋಟಿಗಟ್ಟಲೆ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಅವುಗಳ ಗೋಡೆ ಅತಿ ತೆಳುವು. ಸುತ್ತಲೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ. ಇಲ್ಲಿ ಆಮ್ಲಜನಕವು ರಕ್ತಕ್ಕೆ ದಾಟುತ್ತದೆ. ಇಂಗಾಲಾಮ್ಲವು ಗಾಳಿಗೆ ದಾಟುತ್ತದೆ. ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ವಸ್ತುವು ಆಮ್ಲಜನಕವನ್ನು ಹೊತ್ತು ದೇಹದ ಪ್ರತಿಯೊಂದು ಜೀವಕೋಶಕ್ಕೂ ಒಯ್ಯುತ್ತದೆ. ಅಲ್ಲಿ ಆಹಾರದ ಸಾರವು ಆಮ್ಲಜನಕದೊಂದಿಗೆ ಕೂಡಿ ಶಕ್ತಿಯೂ ಶಾಖವೂ ಹುಟ್ಟುತ್ತವೆ. ಉಸಿರಾಟದ ಉದ್ದೇಶವು ನೆರವೇರುವದು ಎದೆಯಲ್ಲಲ್ಲ, ಈ ಜೀವಕೋಶಗಳಲ್ಲಿಯೇ. ಫ್ರಾನ್ಸ್ ದೇಶದ ಲಾವೋಸಿಯೇ ಎಂಬ ಪಂಡಿತನು 18ನೆಯ ಶತಮಾನದಲ್ಲಿ ಉಸಿರಾಟವನ್ನು ನಿಧಾನವಾದ ದಹನಕ್ಕೆ ಹೋಲಿಸಿದ್ದು ಇದರಿಂದಲೇ.

ಈ ಹೋಲಿಕೆಯ ಬೆಲೆಯನ್ನು ನನಗೆ ತೋರಿಸಿಕೊಟ್ಟವಳು ನನ್ನ ಒಬ್ಬ ವಿದ್ಯಾರ್ಥಿನಿ. ಮಳೆಗಾಲದಲ್ಲಿ ಅವಳ ಅಕ್ಕ ಹೆರಿಗೆಗೆ ತೌರಿಗೆ ಬಂದಿದ್ದಳು. ಬಾಣಂತಿಯ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಮಂಚದ ಹತ್ತಿರ ಇದ್ದಲಿನ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಇಟ್ಟಿದ್ದರು. ಮುಂಜಾನೆ ಅಕ್ಕನಿಗೆ ತಲೆನೋವು, ಓಕರಿಕೆ. ಕರೆದರೆ ಮಂಪರಿನಲ್ಲಿ ಉತ್ತರ. ಹೆರಿಗೆಯ ನಿತ್ರಾಣವೆಂದು ಮನೆಯವರು ತಿಳಿದರು. ಹುಡುಗಿಯು ಕಿಟಕಿಗೆ ಕೈ ಹಾಕಿದಾಗ ಅಜ್ಜಿ ತಡೆದರು: “ಬಾಣಂತಿಗೆ ಗಾಳಿ ಸೋಕಬಾರದು, ಮಗಾ.” ಇವಳಾದರೋ, “ಅಜ್ಜೀ, ಕೆಂಡವೂ ನಮ್ಮಂತೆಯೇ ಗಾಳಿಯನ್ನು ತಿನ್ನುತ್ತದೆ, ತಿಂದು ವಿಷವನ್ನು ಬಿಡುತ್ತದೆ” ಎಂದು ಹೇಳಿ, ಕಿಟಕಿಯನ್ನು ತೆರೆದಳು. ಅಗ್ಗಿಷ್ಟಿಕೆ ಹೊರಗೆ ಹೋಯಿತು. ತಾಯಿಮಗು ಜಗಲಿಗೆ ಬಂದರು. ಆಮೇಲೆ ಆಸ್ಪತ್ರೆಗೆ ಹೋದರು. ಇಬ್ಬರೂ ಉಳಿದರು.

ಅವಳು ಹೇಳಿದ ವಿಷವು ಕಾರ್ಬನ್ ಮೊನಾಕ್ಸೈಡ್ ಎಂಬ ವಾಯು. ಗಾಳಿ ಸಾಲದ ಕಡೆಯಲ್ಲಿ ಇದ್ದಲು ಉರಿದರೆ ಇದು ಹೆಚ್ಚಾಗಿ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಇರಬಹುದು. ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಇದು ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಆಗ ಎದೆ ತಪ್ಪದೆ ಏರಿಳಿಯುತ್ತಿದ್ದರೂ ಜೀವಕೋಶಗಳಿಗೆ ಆಮ್ಲಜನಕವು ಸಾಕಷ್ಟು ಮುಟ್ಟುವದಿಲ್ಲ. ಮಲಗಿದವರು ಎಚ್ಚರವಾಗದೆ ಸಾಯುವದೂ ಉಂಟು.

ಆದುದರಿಂದ ತಾಯಂದಿರೇ, ಬಾಣಂತಿಗೂ ಕೂಸಿಗೂ ಬೆಚ್ಚಗಿನ ಬಟ್ಟೆ, ಕಂಬಳಿಗಳನ್ನು ಹೊದಿಸಿರಿ. ಮಲಗುವ ಕೋಣೆಯಲ್ಲಿ ಮಾತ್ರ ಕೆಂಡವನ್ನು ಇಡಬೇಡಿರಿ. ಬೆಂಕಿಯಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ಓಕರಿಕೆ, ಮಂಪರು ಕಂಡರೆ ಕೂಡಲೆ ಬಯಲಿನ ಗಾಳಿಗೆ ತಂದು ಆಸ್ಪತ್ರೆಗೆ ಕರೆದೊಯ್ಯಿರಿ. ಹಿರಿಯರ ಪ್ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ತಿಳುವಳಿಕೆಯ ಒಂದು ಕಿಟಕಿ. ಅದನ್ನು ತೆರೆಯುವ ಹೆಣ್ಣುಮಗಳು ಒಂದೊಂದು ಮನೆಯಲ್ಲಿಯೂ ಇರಲಿ.